ಸೂಪರ್‌ಮ್ಯಾನ್ ಯಾರ ಸ್ವತ್ತು?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಪ್ರದರ್ಶನಕ್ಕೆಂದು ಹಳೆಯ ಕಪಾಟುಗಳನ್ನು ಬರಿದುಮಾಡಿದಾಗ, ಹಾಜರಿ ಪುಸ್ತಕಗಳ ಅಡಿಯಲ್ಲಿ ನಮ್ಮ ಕಾಲದ ಕೈಬರಹದ ಪತ್ರಿಕೆಯ ಆರು ಸಂಚಿಕೆಗಳು ಸಿಕ್ಕಿದವು. ಅಂಚುಗಳನ್ನು ಗೆದ್ದಲು ತಿಂದಿದ್ದರೂ ಒಳಗಿನ ಕಥೆಗಳೂ ಬಣ್ಣದ ಪೆನ್ಸಿಲಿನ ಚಿತ್ರಗಳೂ ಉಳಿದಿವೆ. ಅವುಗಳಲ್ಲಿ ಕೆಲವನ್ನು ಈ ಸ್ಮರಣ ಸಂಚಿಕೆಯಲ್ಲಿ ಅಚ್ಚುಹಾಕಿಸಬೇಕೆಂದು ಸಂಪಾದಕ ಸಮಿತಿಯವರು ನಿಶ್ಚಯಿಸಿದರು. ಆಗ ಸಮಿತಿಯ ಹಿರಿಯರೊಬ್ಬರು ನನ್ನ ಕಡೆ ತಿರುಗಿ, “ಶಾಲೆಯ ಪತ್ರಿಕೆ ಶಾಲೆಯದೇ ಆಯಿತಲ್ಲ, ಇದಕ್ಕೆ ಯಾರನ್ನಾದರೂ ಕೇಳಬೇಕಾದ್ದುಂಟೇ?” ಎಂದರು. ನಾನು ವೃತ್ತಿಯಿಂದ ನ್ಯಾಯವಾದಿ. ಒಂದೇ ಮಾತಿನಲ್ಲಿ ಉತ್ತರಿಸಬಹುದಾಗಿತ್ತು. ಆದರೆ ಬೇರೊಂದು ದೇಶದ, ಬೇರೊಂದು ಶಾಲೆಯ ಇಬ್ಬರು ಹುಡುಗರ ವೃತ್ತಾಂತ ನೆನಪಾದುದರಿಂದ, ಉತ್ತರವನ್ನು ಲೇಖನವಾಗಿಯೇ ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ.

ಆ ಶಾಲೆ ಇರುವುದು ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಹೆಸರು ಗ್ಲೆನ್‌ವಿಲ್ ಹೈಸ್ಕೂಲು. 1930ರ ದಶಕದ ಆರಂಭದಲ್ಲಿ ಅಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ಇಬ್ಬರು ಓದುತ್ತಿದ್ದರು. ಇಬ್ಬರೂ 1914ರಲ್ಲಿ ಹುಟ್ಟಿದವರು, ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಸೀಗಲ್ ಶಾಲೆಯ ‘ಟಾರ್ಚ್’ ಪತ್ರಿಕೆಗೆ ಬರೆಯುತ್ತಿದ್ದ. ಶೂಸ್ಟರನ ಕೈಯಲ್ಲಿ ಚಿತ್ರಕಲೆಯಿತ್ತು. 1932ರಲ್ಲಿ ಸೀಗಲನ ತಂದೆ ತನ್ನ ಬಟ್ಟೆ ಅಂಗಡಿಗೆ ಕಳ್ಳರು ನುಗ್ಗಿದ ಸಂದರ್ಭದಲ್ಲಿ ಅಲ್ಲಿಯೇ ಕುಸಿದು ತೀರಿಕೊಂಡರು. ಮರುವರ್ಷ ಗೆಳೆಯರಿಬ್ಬರೂ ತಾವೇ ಹೊರಡಿಸಿದ ಸಣ್ಣ ಪತ್ರಿಕೆಯೊಂದರಲ್ಲಿ ‘ಸೂಪರ್‌ಮ್ಯಾನ್’ ಎಂಬ ಪದ ಮೊದಲ ಬಾರಿಗೆ ಅವರ ಕಥೆಯಲ್ಲಿ ಬಂತು. ಆ ಕಥೆಯಲ್ಲಿ ಅವನು ಖಳನಾಯಕ. ಅವನನ್ನು ದೀನರಕ್ಷಕನನ್ನಾಗಿ ಮಾರ್ಪಡಿಸಿ, ಚಿತ್ರಗಳ ಮೂಲಕ ಕಥೆ ಹೇಳುವ ಕಾಮಿಕ್ಸ್ ರೂಪಕ್ಕೆ ತಂದು, ಹಲವು ವರ್ಷ ಪತ್ರಿಕಾ ಕಚೇರಿಗಳಿಗೆ ಕಳುಹಿಸಿದರು. ಕಳುಹಿಸಿದಂತೆಯೇ ಹಿಂದೆ ಬಂತು.

ಕಾಮಿಕ್ಸ್ ಎಂದರೆ ನಮ್ಮ ಓದುಗರಿಗೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ‘ಅಮರ ಚಿತ್ರ ಕಥೆ’ ಥಟ್ಟನೆ ನೆನಪಾಗಬಹುದು. ಅಂತಹುದೇ ತೆಳು ಪುಸ್ತಕವೊಂದನ್ನು ಹತ್ತು ಸೆಂಟಿನ ಬೆಲೆಗೆ ಆರಂಭಿಸಲು ಹೊರಟ ನ್ಯೂಯಾರ್ಕಿನ ಡಿಟೆಕ್ಟಿವ್ ಕಾಮಿಕ್ಸ್ ಎಂಬ ಸಂಸ್ಥೆ ಕೊನೆಗೆ ಈ ಹದಿಮೂರು ಪುಟಗಳನ್ನು ಕೊಂಡುಕೊಂಡಿತು. ಪುಟಕ್ಕೆ ಹತ್ತು ಡಾಲರು, ಒಟ್ಟು 130 ಡಾಲರು. 1938ರ ಮಾರ್ಚ್ 1ರ ದಿನಾಂಕವಿರುವ ಚಿಕ್ಕ ಕರಾರುಪತ್ರದಲ್ಲಿ ಇಬ್ಬರೂ ಸಹಿ ಮಾಡಿ, ಆ ಕೃತಿಯನ್ನೂ ಅದರ ಪಾತ್ರಗಳನ್ನೂ ಎಂದೆಂದಿಗೂ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಬೇರೆ ಕೆಲಸಗಳ ಬಾಕಿಯನ್ನೂ ಸೇರಿಸಿ 412 ಡಾಲರಿನ ಚೆಕ್ಕು ಅವರ ಕೈಗೆ ಬಂತು. ಆ ಚೆಕ್ಕಿನ ಕಾಗದವೊಂದೇ 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

1938ರ ಏಪ್ರಿಲಿನಲ್ಲಿ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ ಅಂಗಡಿಗೆ ಬಂತು. ಮೋಟಾರು ಕಾರನ್ನು ತಲೆಯ ಮೇಲಕ್ಕೆ ಎತ್ತಿದ ವೀರನ ಚಿತ್ರ ಮುಖಪುಟದಲ್ಲಿತ್ತು. ಎರಡು ವರ್ಷಗಳೊಳಗೆ ಅವನು ದಿನಪತ್ರಿಕೆಗಳಿಗೂ ರೇಡಿಯೋಗೂ ಏರಿದ್ದನು. ಗೆಳೆಯರಿಗೆ ಏನೂ ಸಿಗಲಿಲ್ಲವೆಂದು ಹೇಳುವುದು ತಪ್ಪಾದೀತು. ಮುಂದಿನ ಕಥೆಗಳನ್ನು ಅವರಿಂದಲೇ ಮಾಡಿಸಿ ಸಂಸ್ಥೆ ಸಂಭಾವನೆ ಕೊಡುತ್ತಿತ್ತು, ಕೆಲವು ವರ್ಷ ಒಳ್ಳೆಯ ಸಂಪಾದನೆಯೂ ಇತ್ತು. ಪ್ರಕಾಶಕರೆಲ್ಲರೂ ವಂಚಕರೆಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಯಾರೂ ಮುಟ್ಟದ ಹಸ್ತಪ್ರತಿಯನ್ನು ಕೈಯಿಂದ ಹಣ ಹಾಕಿ ಅಚ್ಚು ಮಾಡಿದವರು ಅವರೇ. ಆದರೆ ಕಾಗದದ ಮೇಲೆ ಸಹಿ ಬೀಳುವ ದಿನ, ಕೊಡುವವನಿಗೂ ಕೊಳ್ಳುವವನಿಗೂ ಅದರ ಬೆಲೆ ತಿಳಿದಿರುವುದಿಲ್ಲ. ಬೆಲೆ ತಿಳಿದ ಮೇಲೆ ಲಾಭವೆಲ್ಲ ಒಬ್ಬನ ಕಡೆಗೇ ಹರಿಯುತ್ತದೆ. ಜಮೀನಿನ ಕ್ರಯದಲ್ಲಿ ಹೀಗಾಗುವುದು ಅಪರೂಪ, ಏಕೆಂದರೆ ಗದ್ದೆ ಎಷ್ಟು ಮುಡಿಯದೆಂದು ಇಬ್ಬರಿಗೂ ಕಾಣುತ್ತದೆ.

1947ರಲ್ಲಿ ಇಬ್ಬರೂ ದಾವೆ ಹೂಡಿದರು. ಮರುವರ್ಷ 94,000 ಡಾಲರಿಗೂ ಮಿಕ್ಕಿದ ಮೊತ್ತಕ್ಕೆ ರಾಜಿಯಾಯಿತು. ಕೆಲಸ ಹೋಯಿತು, ಪುಸ್ತಕದ ಮೇಲಿದ್ದ ಅವರ ಹೆಸರೂ ಹೋಯಿತು. 1969ರಲ್ಲಿ ಮತ್ತೊಮ್ಮೆ ನ್ಯಾಯಾಲಯಕ್ಕೆ ಹೋಗಿ 1974ರಲ್ಲಿ ಮೇಲ್ಮನವಿಯಲ್ಲಿಯೂ ಸೋತರು. ಅಷ್ಟರಲ್ಲಿ ಶೂಸ್ಟರನ ಕಣ್ಣು ಮಂದವಾಗಿತ್ತು. ಸೀಗಲ್ ಲಾಸ್ ಏಂಜಲೀಸಿನಲ್ಲಿ ಗುಮಾಸ್ತನಾಗಿದ್ದನು. ಸೂಪರ್‌ಮ್ಯಾನ್ ಸಿನಿಮಾ ಸಿದ್ಧವಾಗುತ್ತಿದೆಯೆಂದು ತಿಳಿದಾಗ ಸೀಗಲ್ ನೊಂದು ಪತ್ರಿಕೆಗಳಿಗೆ ಬರೆದನು. ನೀಲ್ ಆಡಮ್ಸ್, ಜೆರ್ರಿ ರಾಬಿನ್‌ಸನ್ ಮುಂತಾದ ಚಿತ್ರಕಾರರು ಬೆನ್ನಿಗೆ ನಿಂತರು. 1975ರ ಡಿಸೆಂಬರಿನಲ್ಲಿ ಒಡೆತನದ ಸಂಸ್ಥೆಯು ಪ್ರತಿಯೊಬ್ಬನಿಗೂ ವರ್ಷಕ್ಕೆ 20,000 ಡಾಲರು ಕೊಡಲು, ‘ಸೃಷ್ಟಿಕರ್ತರು ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್’ ಎಂದು ಮತ್ತೆ ಹೆಸರು ಹಾಕಲು ಒಪ್ಪಿತು. ಕಾನೂನಿನ ಬಲದಿಂದ ದೊರೆತ ಹಕ್ಕಲ್ಲ ಇದು; ಲೋಕದ ನಾಚಿಕೆಗೆ ಅಂಜಿ ಕೊಟ್ಟ ಮಾಸಾಶನ.

ಕಾನೂನು ಬದಲಾದದ್ದು ಮರುವರ್ಷ. ಇಲ್ಲಿ ಸ್ವಲ್ಪ ನಿಧಾನವಾಗಿ ವಿವರಿಸಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆಯೇ.

ಅಮೆರಿಕದ 1909ರ ಕಾಯಿದೆಯಂತೆ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಮೊದಲು 28 ವರ್ಷ, ನವೀಕರಿಸಿದರೆ ಇನ್ನೂ 28 ವರ್ಷ, ಒಟ್ಟಿಗೆ 56. ನವೀಕರಣದ ಹೊತ್ತಿಗೆ ಲೇಖಕನಿಗೆ ಮತ್ತೊಮ್ಮೆ ಚೌಕಾಶಿ ಮಾಡುವ ಅವಕಾಶ ಸಿಗಲಿ ಎಂಬುದು ಒಂದು ಉದ್ದೇಶವಾಗಿತ್ತು. ಆದರೆ ಪ್ರಕಾಶಕರು ಮೊದಲ ಕರಾರಿನಲ್ಲಿಯೇ ಎರಡನೆಯ ಅವಧಿಯನ್ನೂ ಬರೆಸಿಕೊಳ್ಳತೊಡಗಿದ್ದರಿಂದ ಆ ಅವಕಾಶ ಹೆಸರಿಗೆ ಮಾತ್ರ ಉಳಿಯಿತು. 1976ರಲ್ಲಿ ಮಾಡಿ 1978ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯಿದೆ ಹಳೆಯ ಕೃತಿಗಳ ಅವಧಿಯನ್ನು 75 ವರ್ಷಕ್ಕೆ ಏರಿಸಿತು. 1998ರಲ್ಲಿ ಅದು 95 ಆಯಿತು. ಹೀಗೆ ಸರಕಾರವು ಉಚಿತವಾಗಿ ಸೇರಿಸಿಕೊಟ್ಟ ವರ್ಷಗಳು ಯಾರಿಗೆ ಸಲ್ಲಬೇಕು? ಅಗ್ಗಕ್ಕೆ ಕೊಂಡವನಿಗೋ, ಬರೆದವನಿಗೋ? ಬರೆದವನಿಗೆ, ಅವನಿಲ್ಲದಿದ್ದರೆ ಅವನ ಪತ್ನಿಗೆ, ಮಕ್ಕಳು ಮೊಮ್ಮಕ್ಕಳಿಗೆ ಎಂದು ಶಾಸನ ಹೇಳಿತು. ಕೃತಿಸ್ವಾಮ್ಯ ಹುಟ್ಟಿ 56 ವರ್ಷ ತುಂಬಿದ ಮೇಲೆ ಹಳೆಯ ಪರಭಾರೆಯನ್ನು ರದ್ದುಪಡಿಸಿ ಹಕ್ಕನ್ನು ಹಿಂದಕ್ಕೆ ಪಡೆಯಬಹುದು. ‘ನಾನು ಎಂದೂ ಹಿಂದೆ ಕೇಳುವುದಿಲ್ಲ’ ಎಂದು ಮುಂಚಿತವಾಗಿ ಬರೆದುಕೊಟ್ಟಿದ್ದರೂ ಅಂತಹ ಒಪ್ಪಂದ ನಡೆಯದು. ಅಜ್ಜ ಆಧಾರ ಬರೆದು ಕೊಟ್ಟ ಭೂಮಿಯನ್ನು ಐವತ್ತಾರು ವರ್ಷಗಳ ಮೇಲೆ ಮೊಮ್ಮಗಳು ಬಂದು ಬಿಡಿಸಿಕೊಳ್ಳಬಹುದೆಂದು ಶಾಸನ ಹೇಳಿದರೆ ನಮ್ಮೂರಿನ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಏನಾದೀತೆಂದು ಊಹಿಸಿಕೊಳ್ಳಿ!

ಆದರೆ ಇದಕ್ಕೆ ಬೇಲಿಗಳು ಅನೇಕ. ರದ್ದತಿಗೆ ಐದು ವರ್ಷಗಳ ಒಂದು ಕಿಟಕಿ ಮಾತ್ರ ತೆರೆದಿರುತ್ತದೆ. ಕನಿಷ್ಠ ಎರಡು ವರ್ಷ, ಹೆಚ್ಚೆಂದರೆ ಹತ್ತು ವರ್ಷ ಮುಂಚಿತವಾಗಿ, ದಿನಾಂಕವನ್ನು ನಮೂದಿಸಿ ನೋಟೀಸು ಕೊಡಬೇಕು. ಮರಳಿ ಬರುವುದು ಅಮೆರಿಕದೊಳಗಿನ ಹಕ್ಕು ಮಾತ್ರ. ಮೊದಲೇ ತಯಾರಾದ ಸಿನಿಮಾಗಳನ್ನು ಸಂಸ್ಥೆ ತೋರಿಸುತ್ತಲೇ ಇರಬಹುದು; ಎದೆಯ ಮೇಲಿನ ಲಾಂಛನದಂತಹ ವ್ಯಾಪಾರ ಚಿಹ್ನೆಗಳು ಅದರ ಬಳಿಯೇ ಉಳಿಯುತ್ತವೆ. ಎಲ್ಲಕ್ಕಿಂತ ಎತ್ತರದ ಬೇಲಿಯೆಂದರೆ, ಸಂಬಳಕ್ಕೋ ಕೂಲಿಗೋ ಮಾಡಿಕೊಟ್ಟ ಕೆಲಸಕ್ಕೆ ಈ ನಿಯಮ ಅನ್ವಯಿಸದು. ಅಂತಹ ಕೆಲಸಕ್ಕೆ ಕಾನೂನಿನ ದೃಷ್ಟಿಯಲ್ಲಿ ಮಾಲೀಕನೇ ಲೇಖಕ, ಬರೆದ ಕೈಯಲ್ಲ.

ಶೂಸ್ಟರ್ 1992ರಲ್ಲಿ, ಸೀಗಲ್ 1996ರಲ್ಲಿ ಕಾಲವಾದರು. ಸೀಗಲನ ಪತ್ನಿ ಜೋನ್ ಹರೆಯದಲ್ಲಿ ಶೂಸ್ಟರನ ಮುಂದೆ ಕುಳಿತು ಲೋಯಿಸ್ ಲೇನ್ ಪಾತ್ರದ ಚಿತ್ರಕ್ಕೆ ಮಾದರಿಯಾದವರು. ಆಕೆಯೂ ಮಗಳು ಲಾರಾಳೂ 1997ರ ಏಪ್ರಿಲ್ 3ರಂದು ನೋಟೀಸು ಕಳುಹಿಸಿ, 1999ರ ಏಪ್ರಿಲ್ 16ರಿಂದ ಸೀಗಲನ ಪಾಲಿನ ಪರಭಾರೆ ರದ್ದಾಗುವುದೆಂದು ತಿಳಿಸಿದರು. ಈ ದಿನಾಂಕದಲ್ಲಿಯೇ ಒಂದು ಸೋಜಿಗವಿದೆ. ಅದರಿಂದ ಹಿಂದಕ್ಕೆ ಎಣಿಸಿದರೆ ಕಿಟಕಿಯೊಳಗೆ ಬರುವುದು 1938ರ ಏಪ್ರಿಲ್ 16ರಿಂದ ಈಚೆಗೆ ಪ್ರಕಟವಾದವು ಮಾತ್ರ. ಆಕ್ಷನ್ ಕಾಮಿಕ್ಸ್ ಹೊರಬಂದುದು ಏಪ್ರಿಲ್ 18ಕ್ಕೆಂದು ನ್ಯಾಯಾಲಯ ಒಪ್ಪಿದ್ದರಿಂದ ಎರಡೇ ದಿನಗಳ ಅಂತರದಲ್ಲಿ ಅದು ಒಳಗೆ ಉಳಿಯಿತು. ಆದರೆ ಅದಕ್ಕಿಂತ ಕೆಲವು ದಿನ ಮುಂಚೆ ಬೇರೆ ಪುಸ್ತಕಗಳಲ್ಲಿ ಬಂದಿದ್ದ ಜಾಹೀರಾತಿನಲ್ಲಿ ಅದೇ ಮುಖಪುಟ ಕಪ್ಪು ಬಿಳುಪಿನಲ್ಲಿ ಅಚ್ಚಾಗಿತ್ತು. ಅದು ಕಿಟಕಿಯ ಹೊರಗೆ ಬಿತ್ತು. ಹೀಗಾಗಿ ಬಣ್ಣವಿಲ್ಲದ, ಹೆಸರಿಲ್ಲದ, ಕಾರು ಎತ್ತಿ ನಿಂತ ಆ ಒಂದು ಆಕೃತಿ ಸಂಸ್ಥೆಗೇ ಸೇರಿತು! ನಮ್ಮಲ್ಲಿ ವಾಯಿದೆ ಮೀರಿದ ಒಂದು ದಿನಕ್ಕಾಗಿ ಜಮೀನು ಕಳೆದುಕೊಂಡ ಕಕ್ಷಿಗಾರರನ್ನು ಕಂಡ ನನಗೂ ಇದನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದಾವೆ 2004ರಲ್ಲಿ ಆರಂಭವಾಯಿತು. 2008ರ ಮಾರ್ಚ್ 26ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶ ಸ್ಟೀಫನ್ ಲಾರ್ಸನ್, ಮೊದಲ ಸಂಚಿಕೆಯ ಕಥೆಯಲ್ಲಿ ಸೀಗಲನ ಅರ್ಧ ಪಾಲು ಕುಟುಂಬಕ್ಕೆ ಮರಳಿದೆಯೆಂದು ತೀರ್ಪಿತ್ತರು. ಆ ಹದಿಮೂರು ಪುಟಗಳನ್ನು ಯಾರೂ ಹೇಳಿ ಮಾಡಿಸಿರಲಿಲ್ಲ. ಹುಡುಗರು ತಾವಾಗಿ ಸೃಷ್ಟಿಸಿ ಆಮೇಲೆ ಮಾರಿದ್ದರು. ಆದುದರಿಂದಲೇ ಅವು ಕೂಲಿಯ ಕೆಲಸವಾಗಲಿಲ್ಲ. ಸಂಸ್ಥೆಗಾಗಿ ಮುಂದೆ ಬರೆದ ಬಹುಪಾಲು ಕಥೆಗಳಿಗೆ ಈ ಭಾಗ್ಯವಿರಲಿಲ್ಲ. ಸೂಪರ್‌ಮ್ಯಾನನ ವೇಷ, ಗುಪ್ತ ರೂಪ, ಪತ್ರಿಕಾ ಕಚೇರಿಯ ಬದುಕು, ದೂರದ ಗ್ರಹದಿಂದ ಬಂದ ಮೂಲ ಎಲ್ಲವೂ ಮೊದಲ ಕಥೆಯಲ್ಲಿಯೇ ಇದ್ದುದರಿಂದ ಸಿಕ್ಕಿದ್ದು ಅಲ್ಪವಲ್ಲ. 1999ರಿಂದೀಚಿನ ಅಮೆರಿಕದ ಲಾಭದಲ್ಲಿ ಲೆಕ್ಕ ಕೊಡಬೇಕಾದ ಸಹಮಾಲೀಕತ್ವ ಅದು.

ಜೋನ್ 2011ರಲ್ಲಿ ತೀರಿಕೊಂಡರು. 2013ರ ಜನವರಿ 10ರಂದು ಮೇಲ್ಮನವಿ ನ್ಯಾಯಾಲಯ ಪ್ರಕರಣವನ್ನು ತಿರುಗಿಸಿಬಿಟ್ಟಿತು. ಕಾರಣ, ಒಂದು ಪತ್ರ. 2001ರ ಅಕ್ಟೋಬರ್ 19ರಂದು, ರಾಜಿ ಮಾತುಕತೆ ನಡೆಯುತ್ತಿದ್ದಾಗ, ಕುಟುಂಬದ ಅಂದಿನ ವಕೀಲರು ಸಂಸ್ಥೆಯ ಪ್ರಸ್ತಾಪವನ್ನು ತನ್ನ ಕಕ್ಷಿಗಾರರು ಒಪ್ಪಿದ್ದಾರೆಂದು ತಿಳಿಸಿ ಷರತ್ತುಗಳನ್ನು ಕ್ರಮವಾಗಿ ಬರೆದಿದ್ದರು. ಅನಂತರ ಸಂಸ್ಥೆ ಕಳುಹಿಸಿದ ದೀರ್ಘ ಕರಡು ಮೊದಲಿನ ಮಾತಿಗೆ ಹೊಂದುತ್ತಿಲ್ಲವೆಂದು ಜೋನ್ ಕೋಪಗೊಂಡು 2002ರಲ್ಲಿ ಸಂಸ್ಥೆಯ ಮುಖ್ಯಸ್ಥರಿಗೇ ಪತ್ರ ಬರೆದರು, ಮಾತುಕತೆ ಮುರಿಯಿತು, ಅಂತಿಮ ಕರಾರಿಗೆ ಯಾರೂ ಸಹಿ ಹಾಕಲಿಲ್ಲ. ಆದರೂ ಮೊದಲ ಪತ್ರದಲ್ಲಿಯೇ ಒಪ್ಪಂದ ಪೂರ್ಣವಾಗಿದೆಯೆಂದು ನ್ಯಾಯಾಲಯ ಹೇಳಿತು. ಹಕ್ಕು ಸಂಸ್ಥೆಯಲ್ಲಿ ಉಳಿಯಿತು. ಕುಟುಂಬಕ್ಕೆ ದಕ್ಕಿದ್ದು ಆ ಪತ್ರದ ಷರತ್ತುಗಳ ಹಣ. ಇತ್ತೀಚಿನ ಚಿತ್ರಗಳಲ್ಲಿಯೂ ಪುಸ್ತಕಗಳಲ್ಲಿಯೂ ಸೃಷ್ಟಿಕರ್ತರ ಹೆಸರಿನ ಕೆಳಗೆ, ‘ಜೆರ್ರಿ ಸೀಗಲ್ ಕುಟುಂಬದೊಂದಿಗಿನ ವಿಶೇಷ ಏರ್ಪಾಡಿನಂತೆ’ ಎಂಬರ್ಥದ ಸಾಲೊಂದು ಕಾಣುತ್ತದೆ. ಸಿನಿಮಾ ನೋಡಿದ ನಮ್ಮ ಮಕ್ಕಳು ಅದನ್ನು ಗಮನಿಸಿರಲಾರರು.

ಶೂಸ್ಟರನ ಪಾಲಿಗೆ ಒದಗಿದ್ದೂ ಇಂತಹುದೇ ಗತಿ. ಅವನಿಗೆ ಪತ್ನಿಯೂ ಮಕ್ಕಳೂ ಉಳಿದಿರಲಿಲ್ಲ. ಅವನು ಸಾಲ ಉಳಿಸಿ ಸತ್ತಾಗ ತಂಗಿಯೂ ತಮ್ಮನೂ 1992ರಲ್ಲಿ ಸಂಸ್ಥೆಯೊಂದಿಗೆ ಒಂದು ಕಾಗದಕ್ಕೆ ಸಹಿ ಮಾಡಿದರು. ಸಾಲದ ನೆರವು ಮತ್ತು ತಂಗಿಗೆ ವರ್ಷಕ್ಕೆ 25,000 ಡಾಲರು. ಪ್ರತಿಯಾಗಿ ಎಲ್ಲ ಹಕ್ಕುಗಳೂ ಸಂಸ್ಥೆಗೆ. ಅಂದು ರದ್ದತಿಯ ಹಕ್ಕು ಒಡಹುಟ್ಟಿದವರಿಗೆ ಇರಲೇ ಇಲ್ಲ. 1998ರ ತಿದ್ದುಪಡಿ ಆ ಹಕ್ಕನ್ನು ಆಸ್ತಿಯ ನಿರ್ವಾಹಕನಿಗೂ ಕೊಟ್ಟಿತು, 2003ರಲ್ಲಿ ನೋಟೀಸು ಹೋಯಿತು. 1992ರ ಕಾಗದವು 1938ರ ಕರಾರಿನ ಸ್ಥಾನವನ್ನೇ ಆಕ್ರಮಿಸಿದ್ದರಿಂದ ರದ್ದುಪಡಿಸಲು ಹಳೆಯ ಕರಾರು ಯಾವುದೂ ಉಳಿದಿಲ್ಲವೆಂದು 2012ರಲ್ಲಿಯೂ, ಮೇಲ್ಮನವಿಯಲ್ಲಿ 2013ರಲ್ಲಿಯೂ ತೀರ್ಮಾನವಾಯಿತು. ಬರಲಿರುವ ಹಕ್ಕಿನ ಸುಳಿವೂ ಇಲ್ಲದವರು ಅದನ್ನು ಬಿಟ್ಟುಕೊಟ್ಟರೆಂಬ ಈ ತರ್ಕ ನನಗೆ ಇನ್ನೂ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ.

ಇನ್ನೊಂದು ಪ್ರಸಿದ್ಧ ಪ್ರಕರಣ ಜ್ಯಾಕ್ ಕರ್ಬಿಯದು. ಸ್ಟಾನ್ ಲೀಯವರೊಂದಿಗೆ 1960ರ ದಶಕದಲ್ಲಿ ಮಾರ್ವೆಲ್ ಸಂಸ್ಥೆಗಾಗಿ ಫೆಂಟಾಸ್ಟಿಕ್ ಫೋರ್, ಹಲ್ಕ್, ಥಾರ್, ಎಕ್ಸ್-ಮೆನ್ ಮುಂತಾದವರನ್ನು ರೂಪಿಸಿದ ಈ ಚಿತ್ರಕಾರ 1994ರಲ್ಲಿ ನಿಧನ ಹೊಂದಿದರು. ಡಿಸ್ನಿ ಸಂಸ್ಥೆಯು ಮಾರ್ವೆಲನ್ನು 400 ಕೋಟಿ ಡಾಲರಿಗೆ ಕೊಳ್ಳುವುದಾಗಿ 2009ರ ಆಗಸ್ಟಿನಲ್ಲಿ ಸಾರಿತು. ಮರುತಿಂಗಳೇ ಕರ್ಬಿಯ ನಾಲ್ವರು ಮಕ್ಕಳು 45 ನೋಟೀಸುಗಳನ್ನು ಕಳುಹಿಸಿದರು. ಕರ್ಬಿ ಸಂಬಳದ ನೌಕರನಲ್ಲ. ತನ್ನ ಮನೆಯಲ್ಲಿ, ತನ್ನ ಮೇಜಿನ ಮೇಲೆ, ತನ್ನದೇ ಪೆನ್ಸಿಲಿನಿಂದ ಬರೆದು ಪುಟಕ್ಕಿಷ್ಟೆಂದು ಹಣ ಪಡೆಯುತ್ತಿದ್ದವನು. ಆದರೂ ಕೆಲಸ ಸಂಸ್ಥೆಯ ಪ್ರೇರಣೆಯಿಂದ, ಸಂಸ್ಥೆಯ ಖರ್ಚಿನಲ್ಲಿ ನಡೆಯಿತೆಂದು, ಪುಸ್ತಕ ಮಾರಾಟವಾಗದಿದ್ದರೆ ನಷ್ಟ ಸಂಸ್ಥೆಯದೆಂದು, 2011ರಲ್ಲಿಯೂ 2013ರಲ್ಲಿಯೂ ನ್ಯಾಯಾಲಯಗಳು ಅದನ್ನು ಕೂಲಿಯ ಕೆಲಸವೆಂದೇ ಎಣಿಸಿದವು. ಮಕ್ಕಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅರ್ಜಿಯನ್ನು ನ್ಯಾಯಮೂರ್ತಿಗಳು ಪರಿಶೀಲಿಸಲಿದ್ದುದು 2014ರ ಸೆಪ್ಟೆಂಬರ್ 29ಕ್ಕೆ. ಅದಕ್ಕೆ ಮೂರು ದಿನ ಮುಂಚೆ, 26ರಂದು, ರಾಜಿಯಾಯಿತು. ಎರಡು ನ್ಯಾಯಾಲಯಗಳಲ್ಲಿ ಗೆದ್ದವರು ಮೂರನೆಯದರ ಹೊಸ್ತಿಲಲ್ಲಿ ಏಕೆ ರಾಜಿಯಾದರು ಎಂಬುದನ್ನು ವಕೀಲರಿಗೆ ವಿವರಿಸಬೇಕಾಗಿಲ್ಲ. ಸ್ಪೈಡರ್‌ಮ್ಯಾನನ ಮೂಲ ಚಿತ್ರಕಾರ ಸ್ಟೀವ್ ಡಿಟ್ಕೋನ ವಾರಸುದಾರರು 2021ರಲ್ಲಿ ಆರಂಭಿಸಿದ ವಿವಾದವೂ 2023ರಲ್ಲಿ ರಾಜಿಯಲ್ಲಿಯೇ ಮುಗಿಯಿತು.

ಇದಕ್ಕೆ ವ್ಯತಿರಿಕ್ತವಾದ ತೀರ್ಪೂ ಇದೆ. ಕ್ಯಾಪ್ಟನ್ ಅಮೆರಿಕ ಪಾತ್ರವನ್ನು ಕರ್ಬಿಯೊಡನೆ ಸೃಷ್ಟಿಸಿದ ಜೋ ಸೈಮನ್ 1969ರ ರಾಜಿಯಲ್ಲಿ, ಅದು ಕೂಲಿಯ ಕೆಲಸವೆಂದು ತಾನೇ ಬರೆದುಕೊಟ್ಟಿದ್ದನು. ಅವನು 1999ರಲ್ಲಿ ನೋಟೀಸು ಕೊಟ್ಟಾಗ ಮಾರ್ವೆಲ್ ಆ ಕಾಗದವನ್ನು ಮುಂದಿಟ್ಟಿತು. ಕೆಲಸ ಮುಗಿದ ಮೇಲೆ ಅದಕ್ಕೆ ಕೂಲಿಯ ಹೆಸರಿಟ್ಟು ಬರೆಸಿಕೊಂಡ ಪತ್ರ ಶಾಸನದ ರಕ್ಷಣೆಯನ್ನು ತಪ್ಪಿಸಲಾರದೆಂದು 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಪ್ರಕರಣ ಮರುವರ್ಷ ರಾಜಿಯಾಯಿತು.

ಶೂಸ್ಟರನ ವಾರಸುದಾರರ ಹೋರಾಟದಲ್ಲಿ ನಮ್ಮ ದೇಶಕ್ಕೂ ಸೋಂಕುವ ಒಂದು ಎಳೆಯಿದೆ. 1911ರ ಬ್ರಿಟಿಷ್ ಕಾಯಿದೆಯಂತೆ, ಲೇಖಕನು ಬದುಕಿರುವಾಗ ಬರೆದುಕೊಟ್ಟ ಹಕ್ಕು ಅವನು ಸತ್ತು 25 ವರ್ಷಗಳಾದ ಮೇಲೆ ವಾರಸುದಾರರಿಗೆ ತಾನಾಗಿ ಮರಳುತ್ತಿತ್ತು. ಈ ಕಾಯಿದೆ ಸಾಮ್ರಾಜ್ಯದ ಹಲವು ದೇಶಗಳಿಗೆ ಹಬ್ಬಿತ್ತು. 1992ಕ್ಕೆ 25 ಸೇರಿಸಿದರೆ 2017. ಆದುದರಿಂದ ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಶೂಸ್ಟರನ ಪಾಲು ತಮ್ಮದಾಗಿದೆಯೆಂದು ಅವನ ಆಸ್ತಿಯ ಪರವಾಗಿ 2025ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ದಾವೆ ಹೂಡಲಾಯಿತು. ವಿದೇಶೀ ಕಾನೂನಿನ ವಿಷಯವು ತನ್ನ ವ್ಯಾಪ್ತಿಗೆ ಬಾರದೆಂದು ಫೆಡರಲ್ ನ್ಯಾಯಾಲಯ ಏಪ್ರಿಲಿನಲ್ಲಿ ಅದನ್ನು ವಜಾ ಮಾಡಿತು. ಅದೇ 1911ರ ಕಾಯಿದೆ ಕೆಲವು ಮಾರ್ಪಾಡುಗಳೊಡನೆ 1914ರಿಂದ ನಮ್ಮಲ್ಲಿಯೂ ಜಾರಿಯಲ್ಲಿದ್ದು, ಸ್ವತಂತ್ರ ಭಾರತದ 1957ರ ಕಾಯಿದೆ 1958ರ ಜನವರಿ 21ರಂದು ಆಚರಣೆಗೆ ಬರುವವರೆಗೂ ನಡೆಯಿತು. ನಮ್ಮ ಅಜ್ಜಂದಿರ ಕಾಲದ ಕವಿಗಳು, ಪ್ರಸಂಗಕರ್ತರು, ಪಠ್ಯಪುಸ್ತಕ ಬರೆದವರು ಪ್ರಕಾಶಕರಿಗೆ ಕೊಟ್ಟ ಕಾಗದಗಳು ಆ ಕಾಯಿದೆಯ ನೆರಳಿನಲ್ಲಿ ಹುಟ್ಟಿದವು.

ಇಂದಿನ ನಮ್ಮ ಕಾಯಿದೆಯಲ್ಲಿ ಅಮೆರಿಕದಂತೆ 56 ವರ್ಷಗಳ ಬಿಡುಗಡೆ ಇಲ್ಲ. ಆದರೆ ಲೇಖಕರ ಮನೆಯವರು ತಿಳಿದಿರಬೇಕಾದ ಕೆಲವು ನಿಯಮಗಳುಂಟು. ಕೃತಿಸ್ವಾಮ್ಯ ಲೇಖಕನ ಜೀವಿತಾವಧಿಯಲ್ಲದೆ ಮರಣಾನಂತರವೂ 60 ವರ್ಷ ನಿಲ್ಲುತ್ತದೆ. ಅದರ ಪರಭಾರೆ ಸಹಿಯಿರುವ ಬರಹದಲ್ಲಿಯೇ ಆಗಬೇಕು, ಬಾಯಿಮಾತು ಸಲ್ಲದು. 1994ರ ತಿದ್ದುಪಡಿ ಜಾರಿಗೆ ಬಂದ ಮೇಲಿನ ಕರಾರಿನಲ್ಲಿ ಅವಧಿಯನ್ನು ಬರೆಯದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಅದು ಭಾರತವೆಂದೂ ಅರ್ಥ. ಬೇರೆ ಮಾತಿಲ್ಲದಿದ್ದರೆ, ಕೊಂಡವನು ಒಂದು ವರ್ಷದೊಳಗೆ ಬಳಸದ ಹಕ್ಕು ತಾನಾಗಿ ಹಿಂದೆ ಬರುತ್ತದೆ. ನನ್ನ ಹತ್ತಿರದ ಬಂಧುವೊಬ್ಬರು ಬರೆದ ವ್ಯಾಕರಣ ಪುಸ್ತಕದ ಹಕ್ಕನ್ನು ಪ್ರಕಾಶಕರೊಬ್ಬರು ಹೀಗೆ ಅವಧಿ ಹೇಳದ ಅರ್ಧ ಪುಟದ ಕಾಗದದಲ್ಲಿ ಬರೆಸಿಕೊಂಡು, ಹದಿನೆಂಟು ವರ್ಷ ಗೌರವಧನವಿಲ್ಲದೆ ಮರುಮುದ್ರಿಸಿದರು. ಆ ಕಾಗದದ ಪ್ರತಿ ಮನೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಅವರ ಮಗ ನನ್ನ ಬಳಿಗೆ ಬಂದಾಗ ನನಗೆ ಹೇಳಲು ಹೆಚ್ಚೇನೂ ಇರಲಿಲ್ಲ.

ಇನ್ನು ಕೈಬರಹದ ಪತ್ರಿಕೆಯ ಪ್ರಶ್ನೆ. ನೌಕರನು ತನ್ನ ಉದ್ಯೋಗದ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನೇ ಮೊದಲ ಸ್ವಾಮಿಯೆಂದು ನಮ್ಮ ಕಾಯಿದೆಯೂ ಹೇಳುತ್ತದೆ. ಆದರೆ ವಿದ್ಯಾರ್ಥಿ ಶಾಲೆಯ ನೌಕರನಲ್ಲ. ಏಳನೆಯ ತರಗತಿಯ ಹುಡುಗಿ ಬರೆದ ಕಥೆ ಅವಳದೇ. ಪುಸ್ತಕದ ಹಾಳೆ ಶಾಲೆಯ ಕಪಾಟಿನಲ್ಲಿರಬಹುದು, ಹಕ್ಕು ಅವಳ ಕೈ ಬಿಟ್ಟಿಲ್ಲ. ಕೇಳಬೇಕಾದ್ದುಂಟೇ ಎಂದ ಹಿರಿಯರಿಗೆ ನನ್ನ ಉತ್ತರ, ಉಂಟು.

ಸಮಿತಿಯವರು ಒಪ್ಪಿ, ಆರು ಸಂಚಿಕೆಗಳಲ್ಲಿ ಹೆಸರಿರುವ ಹತ್ತೊಂಬತ್ತು ಮಂದಿಯಲ್ಲಿ ವಿಳಾಸ ಸಿಕ್ಕಿದ ಹದಿನಾಲ್ವರಿಗೆ ಪತ್ರ ಬರೆದರು. ಹನ್ನೊಂದು ಒಪ್ಪಿಗೆಗಳು ಬಂದಿವೆ. ಒಬ್ಬರು ತನ್ನ ಕವನವನ್ನು ದಯವಿಟ್ಟು ಅಚ್ಚು ಮಾಡಬೇಡಿರೆಂದು ಕೈಮುಗಿದಿದ್ದಾರೆ, ಅದನ್ನು ಬಿಟ್ಟಿದ್ದೇವೆ. ತೀರಿಕೊಂಡ ಸಹಪಾಠಿಯೊಬ್ಬನ ಮಗಳು ಒಪ್ಪಿಗೆಯೊಡನೆ, ತಂದೆ ಹನ್ನೆರಡನೆಯ ವಯಸ್ಸಿನಲ್ಲಿ ಬರೆದ ತೆಂಕುತಿಟ್ಟಿನ ಬಣ್ಣದ ವೇಷದ ಚಿತ್ರದ ಒಂದು ಪ್ರತಿಯನ್ನು ಕೇಳಿದ್ದಾಳೆ. ಅಂತಹ ಚಿತ್ರವಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಆ ಚಿತ್ರ ಈ ಸಂಚಿಕೆಯ ಒಳಪುಟದಲ್ಲಿ ಅವನ ಹೆಸರಿನೊಂದಿಗೇ ಇದೆ. ಉಳಿದ ಐವರ ವಿಳಾಸ ತಿಳಿದವರು ಶಾಲೆಯ ಕಚೇರಿಗೆ ತಿಳಿಸಬೇಕಾಗಿ ವಿನಂತಿ.